ಹಲ್ಲಿನ ಕ್ಲಿಪ್ಪೂ ಪಂಕ್ತಿಯ ಎಲೆಯೂ

ಶ್ರಾವಣ ಕಳೆದ ಮೇಲೆ ನಮ್ಮ ಹೆಸರಿಗೆ ಬಂದ ಪತ್ರಗಳಲ್ಲಿ ಆರೇಳು ಪತ್ರಗಳು ಒಂದೇ ವಿಷಯವನ್ನು ಕುರಿತವು. ಮಕ್ಕಳ ಹಲ್ಲಿಗೆ ಕ್ಲಿಪ್ಪು ಹಾಕಿಸಬೇಕೆ, ಬೇಡವೆ. ಹಾಕಿಸುವುದಾದರೆ ಯಾವ ವಯಸ್ಸಿನಲ್ಲಿ. ಗಟ್ಟಿಮುಟ್ಟಾದ ಹಲ್ಲನ್ನು ಕೀಳಿಸಬೇಕೆಂದು ಡಾಕ್ಟರು ಹೇಳುತ್ತಾರಲ್ಲ, ಅದು ಸರಿಯೆ, ಎಂದು ತಾಯಂದಿರು ಕೇಳಿದ್ದಾರೆ. ಶಬ್ದದ ಅರ್ಥವನ್ನೋ ಹಬ್ಬದ ತಿಥಿಯನ್ನೋ ಕೇಳಬೇಕಾದ ನಮ್ಮನ್ನು ಹಲ್ಲಿನ ವಿಚಾರವಾಗಿ ಕೇಳುವುದೇಕೆಂದು ಹೊಸ ಓದುಗರಿಗೆ ಸೋಜಿಗವಾದೀತು. ನಮ್ಮ ತಂಗಿಯ ಮೊಮ್ಮಗಳನ್ನು ಪ್ರತಿ ತಿಂಗಳೂ ದಂತವೈದ್ಯ ಕಾಲೇಜಿಗೆ ಕರೆದುಕೊಂಡು ಹೋಗುತ್ತಿರುವ ಸಂಗತಿಯನ್ನು ಹಿಂದೊಮ್ಮೆ ಇದೇ ಪುಟದಲ್ಲಿ ಒಂದು ಸಾಲಿನಲ್ಲಿ ಬರೆದಿದ್ದೆವು. ಆ ಒಂದು ಸಾಲು ಇಷ್ಟು ಪತ್ರಗಳನ್ನು ತಂದಿದೆ.

ನಾವು ವೈದ್ಯರಲ್ಲ. ನಾವು ಬೆಳೆದ ಮಠದ ಪಾಠಶಾಲೆಯಲ್ಲಿ ಬೆಳಗಿನ ಜಾವ ಬೇವಿನ ಕಡ್ಡಿ ಕಚ್ಚಿಕೊಂಡು ಬಾವಿಯ ಕಡೆಗೆ ನಡೆಯುವುದೇ ದಂತವೈದ್ಯವಾಗಿದ್ದಿತು. ಆದರೆ ಕಾಲೇಜಿನ ಆ ಪಡಸಾಲೆಯ ಬೆಂಚಿನ ಮೇಲೆ ಎರಡು ವರ್ಷಕ್ಕೂ ಮಿಕ್ಕಿ ಕುಳಿತಿದ್ದೇವೆ. ಕುಳಿತವನಿಗೆ ಕೇಳುವುದಲ್ಲದೆ ಬೇರೆ ಕೆಲಸವಿಲ್ಲ. ಅಲ್ಲಿಯ ತರುಣ ವೈದ್ಯರು ಬೇಸರಪಡದೆ ನಮಗೆ ತಿಳಿಸಿದುದನ್ನು, ನಾವೇ ಕಂಡು ಅನುಭವಿಸಿದುದನ್ನು ಸೇರಿಸಿ ಇಲ್ಲಿ ಬರೆಯುತ್ತೇವೆ. ನಿಮ್ಮ ಮಗುವಿನ ಬಾಯಿಯನ್ನು ನೋಡಿ ಹೇಳಬೇಕಾದುದನ್ನು ನಿಮ್ಮ ವೈದ್ಯರೇ ಹೇಳಬೇಕು.

ಮೊದಲಿಗೆ ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಈ ಚಿಕಿತ್ಸೆಯನ್ನು ನಮ್ಮ ಮನೆಯಲ್ಲಿ ವಿರೋಧಿಸಿದವರು ನಾವೇ. ಹುಡುಗಿಗೆ ಆಗ ಹನ್ನೊಂದು ನಡೆದಿತ್ತು. ಮೇಲಿನ ಮುಂಬಲ್ಲುಗಳು ತುಟಿಯನ್ನು ದಾಟಿ ಮುಂದೆ ಬಂದಿದ್ದವು. ನಗುವಾಗ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿಯುವಳು. ಗೃಹಪ್ರವೇಶದ ದಿನ ತೆಗೆಸಿದ ಫೋಟೊದಲ್ಲಿ ಎಲ್ಲರೂ ನಗುತ್ತಿರಲು ಅವಳೊಬ್ಬಳು ತುಟಿ ಬಿಗಿದು ನಿಂತಿದ್ದಾಳೆ. ತಾಯಿ ಕ್ಲಿಪ್ಪಿನ ಮಾತೆತ್ತಿದಾಗ ನಾವು, “ಹಲ್ಲು ಇರುವುದು ಅಗಿಯಲಿಕ್ಕೆ, ತೋರಿಸಲಿಕ್ಕಲ್ಲ” ಎಂದುಬಿಟ್ಟೆವು. ಹಿರಿಯರ ಇಂಥ ಮಾತು ಮನೆಯಲ್ಲಿ ತೀರ್ಪಿನಂತೆ ನಡೆದುಹೋಗುತ್ತದೆ. ಆದರೆ ಹುಡುಗಿ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದಳು. “ಅಜ್ಜಾ, ಪ್ಯಾರಲಹಣ್ಣು ಕಡಿಯಾಕೂ ಬರಂಗಿಲ್ಲ ನನಗ” ಎಂದಳು. ಹೌದು, ಅವಳು ರೊಟ್ಟಿಯನ್ನೂ ಹಣ್ಣನ್ನೂ ಬದಿಯ ಹಲ್ಲಿನಿಂದ ಕಡಿಯುವುದನ್ನು ನಾವು ವರ್ಷಗಟ್ಟಲೆ ನೋಡಿದ್ದೆವು, ಗಮನಿಸಿರಲಿಲ್ಲ. ಮೇಲಿನ ಮುಂಬಲ್ಲು ಕೆಳಗಿನದಕ್ಕೆ ತಾಗುತ್ತಲೇ ಇರಲಿಲ್ಲ.

ಆದುದರಿಂದ ಇದು ಬರಿಯ ಚೆಲುವಿನ ವಿಚಾರವೆ ಎಂಬ ಪ್ರಶ್ನೆಗೆ ನಮ್ಮ ಉತ್ತರವನ್ನು ಆ ಮಗುವೇ ಹೇಳಿಕೊಟ್ಟಿದ್ದಾಳೆ. ಮುಂದೆ ಚಾಚಿದ ಹಲ್ಲು ಆಟದಲ್ಲಿ ಬಿದ್ದಾಗ ಮುರಿಯುವ ಸಂಭವ ಹೆಚ್ಚು. ಒಂದರ ಮೇಲೊಂದು ಹತ್ತಿ ಕುಳಿತ ಹಲ್ಲುಗಳ ಸಂದಿಗೆ ಬ್ರಷ್ಷು ಹೋಗದು. ಅಲ್ಲಿ ಕೊಳೆ ಕೂತು ಹುಳುಕೂ ಒಸಡಿನ ಬಾವೂ ಬರಲು ಅನುಕೂಲವಾಗುತ್ತದೆ. ಅಂದಮಾತ್ರಕ್ಕೆ ಸ್ವಲ್ಪ ವಾರೆಯಾದ ಹಲ್ಲಿಗೆಲ್ಲ ತಂತಿ ಬಿಗಿಸಬೇಕೆಂದಲ್ಲ. ಸ್ವಚ್ಛವಾಗಿ ಇಟ್ಟುಕೊಳ್ಳಲು ಬರುವ, ಅಗಿಯಲು ಬರುವ, ಹಲ್ಲಿನ ಒಡೆಯನಿಗೆ ಬೇಸರವಿಲ್ಲದ ಸೊಟ್ಟಹಲ್ಲನ್ನು ಹಾಗೆಯೇ ಬಿಡಬಹುದು. ನಗುವಾಗ ಕೈ ಅಡ್ಡ ಹಿಡಿಯುವ ಮಗುವಿನ ಸಂಕಟವೂ ಒಂದು ಕಾರಣವೇ ಎಂದು ಈಗ ನಮಗೆ ಅನ್ನಿಸುತ್ತದೆ. ಮೊದಲು ಅನ್ನಿಸುತ್ತಿರಲಿಲ್ಲ.

ಎಲುಬಿನಲ್ಲಿ ನೆಟ್ಟ ಹಲ್ಲು ಸರಿಯುವುದಾದರೂ ಹೇಗೆ? ಗೋಡೆಗೆ ಮೊಳೆ ಹೊಡೆದಂತೆ ಅದು ಕೂತಿದೆ ಎಂದು ನಾವು ತಿಳಿದಿದ್ದೆವು. ಹಾಗಲ್ಲವಂತೆ. ಬೇರಿಗೂ ಎಲುಬಿಗೂ ನಡುವೆ ಸುಮಾರು 0.2 ಮಿಲಿಮೀಟರು ದಪ್ಪದ ನಾರಿನ ಪದರವೊಂದಿದೆ. ಹಲ್ಲು ಆ ನಾರುಗಳಲ್ಲಿ ತೂಗುಬಿದ್ದಿದೆ. ತಂತಿಯು ಹಲ್ಲನ್ನು ಒಂದು ಬದಿಗೆ ಮೆಲ್ಲಗೆ ಒತ್ತುತ್ತಲೇ ಇದ್ದರೆ ಒತ್ತಿದ ಬದಿಯ ಎಲುಬನ್ನು ದೇಹವೇ ಕರಗಿಸುತ್ತದೆ, ಬಿಟ್ಟುಬಂದ ಬದಿಯಲ್ಲಿ ಹೊಸ ಎಲುಬನ್ನು ತುಂಬುತ್ತದೆ. ಹೀಗೆ ಹಲ್ಲು ತನ್ನ ಗೂಡನ್ನೂ ಕೂಡಿಕೊಂಡೇ ನಡೆಯುತ್ತದೆ. ಅದರ ವೇಗ ಹೆಚ್ಚುಕಡಿಮೆ ತಿಂಗಳಿಗೆ ಒಂದು ಮಿಲಿಮೀಟರು. ಒಂದು ಹಲ್ಲು ತೆಗೆದ ಜಾಗ ಏಳು ಮಿಲಿಮೀಟರಿನಷ್ಟು. ಅದು ಮುಚ್ಚಲು ಎಷ್ಟು ತಿಂಗಳು ಬೇಕೆಂದು ನೀವೇ ಲೆಕ್ಕ ಹಾಕಿರಿ. ಅದಕ್ಕೆ ಮೊದಲು ಸಾಲು ನೇರವಾಗಬೇಕು, ಆಮೇಲೆ ಮೇಲು ಕೆಳಗಿನ ಸಾಲುಗಳು ಒಂದಕ್ಕೊಂದು ಹೊಂದಬೇಕು. ಸಾಮಾನ್ಯವಾಗಿ 18 ರಿಂದ 24 ತಿಂಗಳು ಎನ್ನುವುದು ಇದರಿಂದಲೇ. ಬಿಗಿಯಾಗಿ ಎಳೆದು ಬೇಗ ಮುಗಿಸಿಕೊಡಿ ಎಂದು ನಾವೂ ಒಮ್ಮೆ ಕೇಳಿದೆವು. ಅತಿಯಾಗಿ ಒತ್ತಿದರೆ ಆ ನಾರಿಗೆ ರಕ್ತವೇ ಹರಿಯದೆ ಹಲ್ಲು ನಿಂತಲ್ಲೇ ನಿಲ್ಲುತ್ತದೆ, ಬೇರಿನ ತುದಿಯೂ ಸವೆಯುತ್ತದೆ ಎಂದರು. ಅಲ್ಪಸ್ವಲ್ಪ ಸವೆತ ಎಷ್ಟೋ ಜನರಲ್ಲಿ ಆಗುತ್ತದಾದರೂ ಸಾಮಾನ್ಯವಾಗಿ ಅದರಿಂದ ಬಾಧೆಯಿಲ್ಲವಂತೆ.

ವಯಸ್ಸಿನ ಪ್ರಶ್ನೆ. ಪೂರ್ತಿ ಕ್ಲಿಪ್ಪನ್ನು ಹೆಚ್ಚಾಗಿ ಹನ್ನೊಂದರಿಂದ ಹದಿನಾಲ್ಕರೊಳಗೆ, ಹಾಲುಹಲ್ಲುಗಳು ಬಿದ್ದ ಮೇಲೆ ಹಾಕುತ್ತಾರೆ. ಆದರೆ ತೋರಿಸುವುದಕ್ಕೆ ಅಷ್ಟು ಕಾಯಬಾರದು. ಏಳನೆಯ ವಯಸ್ಸಿಗೆ ಒಮ್ಮೆ ತೋರಿಸಿರೆಂದು ಅಮೆರಿಕದ ತಜ್ಞರ ಸಂಘದ ಸಲಹೆಯಿದೆ. ದವಡೆಯ ಎಲುಬೇ ಹಿಂದು ಮುಂದಾಗಿದ್ದರೆ ಅದನ್ನು ಬೆಳೆಯುವ ವಯಸ್ಸಿನಲ್ಲಿ ತಿದ್ದಬಹುದು, ಬೆಳವಣಿಗೆ ನಿಂತ ಮೇಲೆ ಶಸ್ತ್ರಚಿಕಿತ್ಸೆಯ ಮಾತು ಬರುತ್ತದೆ.

ತಾಯಂದಿರು ಇಲ್ಲಿ ಎರಡು ಸಂಗತಿಗಳನ್ನು ಮುಖ್ಯವಾಗಿ ತಿಳಿಯತಕ್ಕದ್ದು. ಆರನೆಯ ವಯಸ್ಸಿನ ಸುಮಾರಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆ, ಸದ್ದಿಲ್ಲದೆ ಒಂದೊಂದು ದವಡೆಹಲ್ಲು ಬರುತ್ತದೆ. ಅದು ಶಾಶ್ವತವಾದ ಹಲ್ಲು. ಯಾವ ಹಲ್ಲೂ ಬೀಳದ್ದರಿಂದ ಇದನ್ನೂ ಹಾಲುಹಲ್ಲೆಂದು ತಿಳಿದು ಹುಳುಕು ಹಿಡಿದರೂ ಸುಮ್ಮನಿರುತ್ತಾರೆ. ಇನ್ನೊಂದು, “ಹ್ಯಾಗೂ ಬೀಳೋ ಹಲ್ಲಲ್ಲ” ಎಂದು ಹುಳುಕಾದ ಹಾಲುಹಲ್ಲನ್ನು ಕೀಳಿಸಿಬಿಡುವುದು. ಆ ಹಾಲುಹಲ್ಲು ತನ್ನ ಕೆಳಗಿನ ಹಲ್ಲಿಗಾಗಿ ಜಾಗ ಕಾದುಕೊಂಡು ಕೂತಿರುತ್ತದೆ. ಅದು ಹೊತ್ತಿಗೆ ಮೊದಲೇ ಹೋದರೆ ಹಿಂದಿನ ಹಲ್ಲು ವಾಲಿ ಬಂದು ಆ ಜಾಗವನ್ನು ಆಕ್ರಮಿಸುತ್ತದೆ; ಬರಬೇಕಾದ ಹಲ್ಲು ಕಂಡಲ್ಲಿ ತಲೆ ಎತ್ತುತ್ತದೆ. ನಮ್ಮ ಬೆಂಚಿನ ಮೇಲೆ ಕೂತ ಮಕ್ಕಳಲ್ಲಿ ಎಷ್ಟೋ ಜನರ ಕಥೆ ಹೀಗೆ ಆರಂಭವಾದದ್ದು. ಕೀಳಲೇಬೇಕಾಗಿ ಬಂದರೆ ಜಾಗ ಹಿಡಿದಿಡುವ ಸಣ್ಣ ತಂತಿಯೊಂದನ್ನು ಕೂಡಿಸುತ್ತಾರೆ, ಕೇಳಿ ಹಾಕಿಸಿಕೊಳ್ಳಿರಿ.

ಇದಕ್ಕೆ ವಿರುದ್ಧವಾಗಿ, ಸುಮ್ಮನೆ ಹೆದರುವವರೂ ಇದ್ದಾರೆ. ಎಂಟೊಂಬತ್ತರ ಮಗುವಿನ ಮೇಲಿನ ಎರಡು ಮುಂಬಲ್ಲುಗಳ ನಡುವೆ ಸಂದಿ ಬಿದ್ದಿರುತ್ತದೆ, ಹಲ್ಲು ಹೊರಮುಖವಾಗಿ ವಾಲಿರುತ್ತದೆ. ಮೇಲಿನಿಂದ ಕೋರೆಹಲ್ಲು ಇಳಿಯುವಾಗ ಪಕ್ಕದ ಬೇರುಗಳನ್ನು ಒತ್ತುವುದರಿಂದ ಹೀಗಾಗುತ್ತದೆ. ಕೋರೆಹಲ್ಲು ಪೂರ್ತಿ ಇಳಿದಾಗ ಸಂದಿ ಬಹುತೇಕ ತಾನೇ ಮುಚ್ಚಿಕೊಳ್ಳುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ ಕುರೂಪಿ ಬಾತುಮರಿಯ ಹಂತವೆಂದು ಹೆಸರಿಟ್ಟಿದ್ದಾರೆ. ಮಗುವಿಗೆ ಈ ಹೆಸರನ್ನು ಹೇಳದಿರುವುದು ಒಳ್ಳೆಯದು. ಬೆರಳು ಚೀಪುವ ರೂಢಿ ಮಾತ್ರ ನಾಲ್ಕೈದು ವರ್ಷದ ಆಚೆಗೂ ಮುಂದುವರಿದರೆ ನಿಜವಾಗಿಯೂ ಹಲ್ಲನ್ನು ಮುಂದೆ ತಳ್ಳುತ್ತದೆ. ನಮ್ಮ ಹುಡುಗಿಯದು ಅದೇ ಆಗಿತ್ತು. ಬೇವಿನ ರಸ ಹಚ್ಚಿ, ಬೈದು, ನಾಚಿಸಿ ಬಿಡಿಸಲು ನೋಡಿದ್ದೆಲ್ಲ ವ್ಯರ್ಥವಾಯಿತು. ಶಾಲೆಯ ಗೆಳತಿಯೊಬ್ಬಳು ಕೇಳಿದ ದಿನ ತಾನೇ ಬಿಟ್ಟಳು.

ಈಗ ಎಲ್ಲ ಪತ್ರಗಳಲ್ಲಿಯೂ ಇರುವ ಪ್ರಶ್ನೆಗೆ ಬರೋಣ. ಕೆಡದ ಹಲ್ಲನ್ನು ಕೀಳುವುದೇಕೆ? ಹುಡುಗಿಯ ಬಾಯಿಂದ ನಾಲ್ಕು ಹಲ್ಲು, ಕೋರೆಹಲ್ಲಿನ ಹಿಂದಿನವು, ಪ್ರತಿ ಮೂಲೆಗೊಂದರಂತೆ ತೆಗೆಯಬೇಕೆಂದು ಹೇಳಿದ ದಿನ ನಮ್ಮ ತಂಗಿ ಅಲ್ಲಿಯೇ ಕಣ್ಣೀರು ಹಾಕಿದಳು. “ದೇವರು ಕೊಟ್ಟಿದ್ದನ್ನ ಕಿತ್ತು ಒಗೀತೀರೇನ್ರಿ?” ಎಂದು ಕೇಳಿದಳು. ಆ ಪ್ರಾಧ್ಯಾಪಕರು ನಗಲಿಲ್ಲ. “ಅಜ್ಜಿ, ನೀವು ಕೇಳಿದ್ದನ್ನೇ ನಮ್ಮ ಶಾಸ್ತ್ರದ ಮೂಲಪುರುಷರೂ ಹೇಳಿದ್ದಾರೆ” ಎಂದರು. ಆ ಮಾತಿನ ಹಿಂದಿನ ಕಥೆ ನಮಗೆ ಬಹಳ ಹಿಡಿಸಿತು.

ಅಮೆರಿಕದ ಎಡ್ವರ್ಡ್ ಆಂಗಲ್ ಎಂಬವರು 1899ರಲ್ಲಿ ವಕ್ರದಂತಗಳನ್ನು ಮೂರು ವರ್ಗಗಳಾಗಿ ವಿಂಗಡಿಸಿದರು. ಇಂದಿಗೂ ನಮ್ಮ ಕಾಲೇಜುಗಳಲ್ಲಿ ಮಗುವಿನ ಚೀಟಿಯ ಮೇಲೆ ಬರೆಯುವುದು ಆ ವರ್ಗದ ಅಂಕಿಯನ್ನೇ. ಅವರ ದೃಢವಾದ ನಂಬಿಕೆಯೆಂದರೆ, ನಿಸರ್ಗ ಕೊಟ್ಟ ಎಲ್ಲ ಹಲ್ಲುಗಳೂ ಉಳಿಯಬೇಕು, ಯಾವುದನ್ನೂ ಕೀಳಕೂಡದು. 1911ರಲ್ಲಿ ಈ ಕುರಿತು ಅಲ್ಲಿಯ ಪಂಡಿತರಲ್ಲಿ ದೊಡ್ಡ ವಾದವೇ ನಡೆಯಿತು. ಆಂಗಲ್ ಅವರ ಪಕ್ಷ ಮೇಲಾಯಿತು. 1930ರಲ್ಲಿ ಅವರು ತೀರಿಕೊಂಡರು. ಅವರ ಶಿಷ್ಯ ಚಾರ್ಲ್ಸ್ ಟ್ವೀಡ್ ಗುರುವಿನ ಮಾತಿನಂತೆಯೇ ಹಲ್ಲು ಕೀಳದೆ ಚಿಕಿತ್ಸೆ ಮಾಡುತ್ತಿದ್ದವರು, ಕೆಲವು ವರ್ಷಗಳ ಮೇಲೆ ತಮ್ಮ ರೋಗಿಗಳನ್ನು ಮತ್ತೆ ಪರೀಕ್ಷಿಸಿ ನೋಡಿದರು. ಅನೇಕರ ಹಲ್ಲು ಮತ್ತೆ ಮುಂದೆ ಬಂದಿತ್ತು. ಸಣ್ಣ ದವಡೆಯಲ್ಲಿ ಒತ್ತೊತ್ತಾಗಿ ನಿಲ್ಲಿಸಿದ ಸಾಲು ನಿಂತಿರಲಿಲ್ಲ. ಅವರು ಅಂಥವರಿಗೆ ಹೆಚ್ಚಿನ ಹಣವನ್ನು ತೆಗೆದುಕೊಳ್ಳದೆ, ನಾಲ್ಕು ಹಲ್ಲು ತೆಗೆದು ಮರಳಿ ಚಿಕಿತ್ಸೆ ಮಾಡಿದರು. 1940ರಲ್ಲಿ ಅಂಥ ನೂರು ಪ್ರಕರಣಗಳನ್ನು ತಮ್ಮ ಸಂಘದ ಮುಂದೆ ಇಟ್ಟರು. ಗುರುವಿನ ಮೇಲಿನ ಭಕ್ತಿಯಿಂದ ಅವರನ್ನು ಬೈದವರೇ ಹೆಚ್ಚು. ಗುರುಪರಂಪರೆಯಲ್ಲಿ ಬೆಳೆದ ನಮಗೆ ಆ ಇಕ್ಕಟ್ಟು ಎಂಥದೆಂದು ಗೊತ್ತು. ಮುಂದೆ ಕೀಳುವುದೇ ರೂಢಿಯಾಗಿ, ಅದು ಅತಿಯಾಗಿ, ಮತ್ತೆ ಕಡಿಮೆಯಾಗಿ, ಈಗ ನಡುದಾರಿಗೆ ಬಂದಿದೆ. ಜಾಗದ ಕೊರತೆ ಅಲ್ಪವಾಗಿದ್ದರೆ ಹಲ್ಲಿನ ಬದಿಗಳನ್ನು ಕೂದಲೆಳೆಯಷ್ಟು ಸವೆಸಿ, ಇಲ್ಲವೆ ಮಗುವಿನ ಅಂಗುಳನ್ನು ಅಗಲಿಸಿ ಜಾಗ ಮಾಡುತ್ತಾರೆ. ಕೊರತೆ ಹೆಚ್ಚಿದ್ದರೆ ಕೀಳಬೇಕಾಗುತ್ತದೆ. ಆದ್ದರಿಂದ ನೀವು ಕೇಳಬೇಕಾದ ಪ್ರಶ್ನೆ “ಕೀಳಲೇಬೇಕೆ?” ಎಂಬುದಲ್ಲ, “ನಮ್ಮ ಮಗುವಿಗೆ ಎಷ್ಟು ಮಿಲಿಮೀಟರು ಜಾಗ ಕಡಿಮೆಯಿದೆ, ಅಳತೆ ತೋರಿಸಿರಿ” ಎಂಬುದು. ಒಳ್ಳೆಯ ವೈದ್ಯರು ಅಚ್ಚನ್ನೂ ಎಕ್ಸ್‌ರೇಯನ್ನೂ ಮುಂದಿಟ್ಟು ತೋರಿಸುತ್ತಾರೆ. ತೋರಿಸದವರಿದ್ದರೆ ಇನ್ನೊಬ್ಬರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಮೇಲಿನ ಹಲ್ಲು ಕಿತ್ತರೆ ಕಣ್ಣಿನ ದೃಷ್ಟಿ ಕುಂದುತ್ತದೆ ಎಂಬುದು ಸುಳ್ಳು. ಇದನ್ನು ಇನ್ನು ಯಾರೂ ಬರೆದು ಕೇಳಬಾರದೆಂದು ವಿನಂತಿ.

ನೋವು? ಕ್ಲಿಪ್ಪು ಹಾಕಿದ ದಿನ ಏನೂ ಇರಲಿಲ್ಲ. ರಾತ್ರಿಯಿಂದ ಆರಂಭವಾಗಿ ಮೂರು ದಿನ ಅನ್ನವನ್ನು ಕೂಡ ಅಗಿಯಲಾಗಲಿಲ್ಲ. ಪ್ರತಿ ಸಲ ತಂತಿ ಬಿಗಿಸಿದಾಗಲೂ ಎರಡು ಮೂರು ದಿನ ಹಲ್ಲು ಜುಮುಗುಡುತ್ತದೆ, ಆಮೇಲೆ ಮರೆತುಹೋಗುತ್ತದೆ. ಗಂಜಿ, ಮೆತ್ತಗಿನ ಉಪ್ಪಿಟ್ಟು, ಹಾಲಿನಲ್ಲಿ ನೆನೆಸಿದ ರೊಟ್ಟಿ ಸಾಕು. ತಂತಿಯ ತುದಿ ಕೆನ್ನೆಗೆ ಚುಚ್ಚಿದರೆ ಹಚ್ಚಲು ಮೇಣ ಕೊಡುತ್ತಾರೆ, ಅದನ್ನು ಶಾಲೆಯ ಚೀಲದಲ್ಲಿಯೂ ಒಂದಿಷ್ಟು ಇಡಿರಿ.

ಊಟದ ಕಟ್ಟುನಿಟ್ಟು ನಮ್ಮ ಸೀಮೆಯವರಿಗೆ ಸ್ವಲ್ಪ ಕಷ್ಟವೇ. ಕಡಕ್ ರೊಟ್ಟಿ ಕಡಿಯುವಂತಿಲ್ಲ, ಕಬ್ಬು ಸಿಗಿಯುವಂತಿಲ್ಲ, ಹುರಿಗಡಲೆ, ಚಕ್ಕುಲಿ, ಒಣಕೊಬ್ಬರಿ, ಅಂಟುಬೆಲ್ಲದ ಚಿಕ್ಕಿ ಯಾವುದೂ ಕೂಡದು. ಹಲ್ಲಿಗೆ ಅಂಟಿಸಿದ ಬ್ರಾಕೆಟ್ಟು ಕಿತ್ತುಬರುತ್ತದೆ, ಕಿತ್ತುಬಂದಷ್ಟು ದಿನ ಆ ಹಲ್ಲು ನಡೆಯುವುದಿಲ್ಲ, ಲೆಕ್ಕ ಮುಂದೆ ಹೋಗುತ್ತದೆ. ಮೊದಲನೆಯ ವರ್ಷ ನಾಗರಪಂಚಮಿಗೆ ಶೇಂಗಾದುಂಡಿ, ಎಳ್ಳುಂಡಿ, ಅಳ್ಳು, ಇಡೀ ಮನೆಯೇ ಘಮಘಮಿಸುತ್ತಿರಲು ಮಗು ಎಷ್ಟೆಂದು ಸುಮ್ಮನಿದ್ದೀತು? ಹಬ್ಬದ ಮರುದಿನವೇ ಎರಡು ಬ್ರಾಕೆಟ್ಟುಗಳನ್ನು ಅಂಗೈಯಲ್ಲಿ ಹಿಡಿದುಕೊಂಡು ನಮ್ಮ ಮುಂದೆ ನಿಂತಳು. ಎರಡನೆಯ ವರ್ಷ ಅವಳ ತಾಯಿ ಉಂಡಿಯನ್ನು ಕುಟ್ಟಿ ಪುಡಿಮಾಡಿ ತುಪ್ಪ ಕಲಸಿ ಚಮಚೆಯಿಂದ ತಿನ್ನಿಸಿದಳು. ರುಚಿ ಅದೇ, ನೋಡಲು ಮಾತ್ರ ಉಂಡಿಯಲ್ಲ.

ಉಜ್ಜುವುದರ ವಿಷಯದಲ್ಲಿ ರಿಯಾಯಿತಿ ಇಲ್ಲ. ಉಂಡಾಗಲೆಲ್ಲ ಉಜ್ಜಬೇಕು, ಫ್ಲೋರೈಡು ಇರುವ ಪೇಸ್ಟಿನಿಂದ, ತಂತಿಯ ಮೇಲೂ ಕೆಳಗೂ. ಸಂದಿಗೆ ಹೋಗುವ ಸಣ್ಣ ಬ್ರಷ್ಷು ಬೇರೆ ಸಿಗುತ್ತದೆ. ಇಲ್ಲವಾದರೆ ಬ್ರಾಕೆಟ್ಟಿನ ಸುತ್ತ ಕೊಳೆ ಕೂತು ಹಲ್ಲಿನ ಮೇಲೆ ಸುಣ್ಣದಂಥ ಬಿಳಿಯ ಕಲೆಗಳು ಬೀಳುತ್ತವೆ. ಕ್ಲಿಪ್ಪು ತೆಗೆದ ದಿನ ನೇರವಾದ, ಆದರೆ ಕಲೆ ಬಿದ್ದ ಹಲ್ಲುಗಳನ್ನು ಕನ್ನಡಿಯಲ್ಲಿ ನೋಡಿಕೊಂಡು ಅತ್ತ ಹುಡುಗನೊಬ್ಬನನ್ನು ನಾವು ಕಂಡಿದ್ದೇವೆ.

ಯಾರ ಬಳಿ ಹೋಗಬೇಕು? ಐದು ವರ್ಷದ ಬಿ.ಡಿ.ಎಸ್. ಓದಿದವರೆಲ್ಲ ದಂತವೈದ್ಯರು, ಹಲ್ಲು ಸಾಲುಮಾಡುವ ವಿದ್ಯೆಯನ್ನೇ ಮತ್ತೆ ಮೂರು ವರ್ಷ ಓದಿ ಎಂ.ಡಿ.ಎಸ್. ಪಡೆದವರು ಆರ್ಥೊಡಾಂಟಿಸ್ಟರು. ಫಲಕದ ಮೇಲೆ ಇದನ್ನು ನೋಡಿಕೊಳ್ಳಿರಿ. ಖರ್ಚು ಊರಿನಿಂದ ಊರಿಗೆ ಬೇರೆಯಾಗುತ್ತದೆ. ಉಕ್ಕಿನ ಬ್ರಾಕೆಟ್ಟು ಅಗ್ಗ, ಹಲ್ಲಿನ ಬಣ್ಣದ ಸಿರಾಮಿಕ್ಕಿನದು ಹೆಚ್ಚು. ಕೆಲಸ ಎರಡರದೂ ಒಂದೇ. ಕಂತಿನಲ್ಲಿ ಕೊಡುವ ರೂಢಿಯಿದೆ, ಕೇಳಲು ಸಂಕೋಚ ಬೇಡ. ದಾವಣಗೆರೆಯ ಬಾಪೂಜಿ, ಬೆಳಗಾವಿಯ ಕೆ.ಎಲ್.ಇ., ಮೈಸೂರಿನ ಜೆ.ಎಸ್.ಎಸ್., ಧಾರವಾಡದ ಎಸ್.ಡಿ.ಎಂ. ಮೊದಲಾದ ದಂತವೈದ್ಯ ಕಾಲೇಜುಗಳಲ್ಲಿ ಪ್ರಾಧ್ಯಾಪಕರ ಕಣ್ಣಿನ ಕೆಳಗೆ ಸ್ನಾತಕೋತ್ತರ ವಿದ್ಯಾರ್ಥಿಗಳು ಈ ಚಿಕಿತ್ಸೆ ಮಾಡುತ್ತಾರೆ. ಕಾಲೇಜಿನಲ್ಲಿ ಹೊತ್ತು ಹೆಚ್ಚು ಹೋಗುತ್ತದೆ, ಹಣ ಕಡಿಮೆ ಹೋಗುತ್ತದೆ. ನಮ್ಮಂಥ ನಿವೃತ್ತರಿಗೆ ಹೊತ್ತಿಗೇನು ಬರ!

ತಾಯಿಯೊಬ್ಬರು, ಮಗಳಿಗೆ ಇಪ್ಪತ್ತೆರಡು, ಇನ್ನು ಆಗುವುದೆ ಎಂದು ಕೇಳಿದ್ದಾರೆ. ಆಗುತ್ತದೆ. ಒಸಡು ಗಟ್ಟಿಯಿದ್ದರೆ ನಲವತ್ತರಲ್ಲಿಯೂ ಆಗುತ್ತದೆ. ಒಸಡಿನ ರೋಗವಿದ್ದರೆ ಮೊದಲು ಅದು ವಾಸಿಯಾಗಬೇಕು. ಆದರೆ ಅದೇ ಪತ್ರದಲ್ಲಿ, ನೋಡಲು ಬರುವವರಿದ್ದಾರೆ, ಎರಡು ತಿಂಗಳಲ್ಲಿ ಮುಗಿಯುವ ಉಪಾಯವಿದೆಯೆ ಎಂದೂ ಬರೆದಿದ್ದಾರೆ. ಮುಂಬಲ್ಲುಗಳನ್ನು ಅರೆದು ಮೇಲೆ ಟೊಪ್ಪಿಗೆ ಕೂಡಿಸುವ ಉಪಾಯವೊಂದಿದೆ. ಅರೆದ ಹಲ್ಲು ಮರಳಿ ಬೆಳೆಯದು. ಟೊಪ್ಪಿಗೆಯನ್ನು ಆಯುಷ್ಯದಲ್ಲಿ ಎಷ್ಟೋ ಸಲ ಬದಲಿಸಬೇಕಾದೀತು. ತಾಯಿ, ನಿಮ್ಮ ಮಗಳನ್ನು ಕೇಳಿದಿರಾ? ಪತ್ರದಲ್ಲಿ ಅವಳ ಮಾತು ಒಂದೂ ಇಲ್ಲ. ತಂತಿ ಕಂಡು ಹಿಂದೆ ಸರಿಯುವ ಮನೆಯವರು ಸರಿದರೆ ಸರಿಯಲಿ ಎಂಬುದು ನಮ್ಮ ಅಭಿಪ್ರಾಯ.

ತಂತಿಯಿಲ್ಲದ, ಪಾರದರ್ಶಕವಾದ ಅಚ್ಚುಗಳ ಚಿಕಿತ್ಸೆಯೂ ಬಂದಿದೆ. ದಿನಕ್ಕೆ 22 ಗಂಟೆ ಹಾಕಿಕೊಂಡಿರಬೇಕು, ಊಟಕ್ಕೆ ತೆಗೆಯಬೇಕು. ಶಿಸ್ತಿನವರಿಗೆ ಒಳ್ಳೆಯದು, ಮರೆಯುವ ಮಕ್ಕಳಿಗೆ ಸಲ್ಲದು, ಹಣವೂ ಹೆಚ್ಚು. ವೈದ್ಯರನ್ನು ಕಾಣದೆ ಅಂಚೆಯಲ್ಲಿ ತರಿಸುವ ಗೋಜಿಗೆ ಹೋಗಬೇಡಿರಿ. ಹಾಗೆ ಮನೆಗೆ ಕಳಿಸುತ್ತಿದ್ದ ಅಮೆರಿಕದ ದೊಡ್ಡ ಕಂಪನಿಯೊಂದು 2023ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿದಾಗ ಚಿಕಿತ್ಸೆ ಅರ್ಧಕ್ಕೆ ನಿಂತವರು ಬಹಳ ಜನ.

ಇಷ್ಟು ಬರೆದ ಮೇಲೆ, ಯಾವ ಪತ್ರದಲ್ಲಿಯೂ ಯಾರೂ ಕೇಳದ ಪ್ರಶ್ನೆಯೊಂದು ಉಳಿದಿದೆ. ಕ್ಲಿಪ್ಪು ತೆಗೆದ ಮೇಲೆ ಏನು?

ನಾವೂ ಕೇಳಿರಲಿಲ್ಲ. ಇಪ್ಪತ್ತಾರು ತಿಂಗಳ ಮೇಲೆ ಕ್ಲಿಪ್ಪು ತೆಗೆದ ದಿನ ಮನೆಯಲ್ಲಿ ಹೋಳಿಗೆ ಮಾಡಿಸಿದೆವು. ಹುಡುಗಿ ಇಡೀ ಪ್ಯಾರಲಹಣ್ಣನ್ನು ನಮ್ಮೆದುರಿಗೇ ಕಡಿದು ತೋರಿಸಿದಳು. ವೈದ್ಯರು ಅಂಗುಳಿಗೆ ಕೂರುವ ಗುಲಾಬಿ ಬಣ್ಣದ ತಟ್ಟೆಯೊಂದನ್ನು ಕೊಟ್ಟಿದ್ದರು, ಅದರ ಹೆಸರು ರಿಟೇನರು. ಆರು ತಿಂಗಳು ಹಗಲು ರಾತ್ರಿ, ಅನಂತರ ರಾತ್ರಿಯ ಹೊತ್ತು, ವರ್ಷಗಟ್ಟಲೆ ಹಾಕಿಕೊಳ್ಳಬೇಕೆಂದು ಹೇಳಿದ್ದರು. ಹಲ್ಲು ಹೊಸ ಜಾಗಕ್ಕೆ ಬಂದರೂ ಒಸಡಿನ ನಾರುಗಳು ಹಳೆಯ ಜಾಗವನ್ನು ಮರೆತಿರುವುದಿಲ್ಲ, ಅವು ಹೊಂದಿಕೊಳ್ಳಲು ಒಂದು ವರ್ಷದ ಹತ್ತಿರ ಬೇಕು. ವಯಸ್ಸಿನೊಂದಿಗೆ ಹಲ್ಲು ಒತ್ತಾಗುವುದೂ ಸಹಜ. ಎರಡು ತಿಂಗಳಿಗೆ ನಮ್ಮ ಬಂಧುಗಳ ಮದುವೆ ಬಂದಿತು. ಪಂಕ್ತಿಯಲ್ಲಿ ಕೂತಾಗ ಹುಡುಗಿ ರಿಟೇನರನ್ನು ತೆಗೆದು ಕಾಗದದಲ್ಲಿ ಸುತ್ತಿ ಎಲೆಯ ಬದಿಗಿಟ್ಟಳು. ಊಟವಾಯಿತು, ಕೈ ತೊಳೆಯಲು ಎದ್ದರು, ಎಲೆ ಎತ್ತುವವರು ಎಲೆಯೊಂದಿಗೆ ಅದನ್ನೂ ಎತ್ತಿದರು. ಅರ್ಧ ಗಂಟೆಯ ಮೇಲೆ ನೆನಪಾಗಿ ಅಳುತ್ತ ನಮ್ಮ ಬಳಿಗೆ ಬಂದಳು. ತಂದೆಗೆ ಹೇಳಲು ಭಯ. ಹೊಸದಕ್ಕೆ ಮತ್ತೆ ಹಣ. ನಾವು ಅವಳ ತಲೆ ನೇವರಿಸಿ, “ಇರಲಿ ಬಿಡವ್ವಾ, ಹಲ್ಲು ನೆಟ್ಟಗಾಗ್ಯಾವಲ್ಲ, ಇನ್ನದ್ಯಾಕ” ಎಂದೆವು.

ಕರುಣೆಯಿಂದ ಆಡಿದ ಮಾತು. ಆದರೆ ತಿಳಿಯದೆ ಆಡಿದ ಮಾತು. ಹಿರಿಯರು ಹೇಳಿದ ಮೇಲೆ ಮುಗಿಯಿತು, ಮಗು ನಿಶ್ಚಿಂತಳಾದಳು. ನಾಲ್ಕು ತಿಂಗಳ ಮೇಲೆ ಮುಂಬಲ್ಲೊಂದು ತಿರುಗಿ ನಿಂತಿತ್ತು, ಸಂದಿ ತೆರೆದಿತ್ತು. ಕೈ ಮತ್ತೆ ಬಾಯಿಯ ಬಳಿಗೆ ಹೋಗುತ್ತಿರುವುದನ್ನು ಕಂಡು ನಮಗೆ ತಿಳಿಯಿತು. ಕಾಲೇಜಿಗೆ ಹೋದೆವು. ಆ ವೈದ್ಯರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. ಕಳೆದ ಕೂಡಲೆ ಬಂದಿದ್ದರೆ ಒಂದು ವಾರದಲ್ಲಿ ಹೊಸದು ಮಾಡಿಕೊಡುತ್ತಿದ್ದೆವು ಎಂದಷ್ಟೇ ಹೇಳಿದರು. ಮೇಲಿನ ಸಾಲಿಗೆ ಮತ್ತೆ ಐದು ತಿಂಗಳು ತಂತಿ ಬಂದಿತು. ಅದರ ಹಣವನ್ನು ನಾವು ಕೊಟ್ಟೆವು. ಆ ಐದು ತಿಂಗಳನ್ನು ಅವಳೇ ಹೊರಬೇಕಾಯಿತು, ಎಸ್.ಎಸ್.ಎಲ್.ಸಿ. ಪರೀಕ್ಷೆಯೂ ಅದರಲ್ಲಿಯೇ ಬಂದಿತು. ಒಮ್ಮೆಯೂ ನಮ್ಮ ಮಾತನ್ನು ಎತ್ತಿ ಆಡಲಿಲ್ಲ.

ಈ ಸಲ ರಿಟೇನರಿನ ಜೊತೆಗೆ ನೀಲಿ ಡಬ್ಬಿಯೊಂದನ್ನೂ ಕೊಟ್ಟಿದ್ದಾರೆ. ಕಳೆದ ತಿಂಗಳು ಇನ್ನೊಂದು ಮದುವೆಗೆ ಹೋಗಿದ್ದೆವು. ಎಲೆ ಹಾಕಿ ನೀರು ಚಿಮುಕಿಸುವ ಹೊತ್ತಿಗೆ ಹುಡುಗಿ ಹೆಂಗಸರ ಸಾಲಿನಿಂದ ಎದ್ದುಬಂದು ಆ ಡಬ್ಬಿಯನ್ನು ನಮ್ಮ ಅಂಗೈಯಲ್ಲಿಟ್ಟು ಹೋದಳು. ನಾವು ಅದನ್ನು ಜುಬ್ಬದ ಒಳಕಿಸೆಯಲ್ಲಿಟ್ಟುಕೊಂಡು, ಒಂದು ಕೈಯಿಂದ ಕಿಸೆಯನ್ನು ಮುಟ್ಟಿ ನೋಡಿಕೊಳ್ಳುತ್ತ ಊಟ ಮುಗಿಸಿದೆವು.